ಸರ್ಪಸುತ್ತು, ಅದರ ಲಸಿಕೆ, ಮರೆವಿನ ಸುದ್ದಿ: ಐವತ್ತು ದಾಟಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡರೆ ಮರೆವಿನ ಕಾಯಿಲೆಯೂ ದೂರ ಎಂಬ ಸುದ್ದಿ 2025ರ ಏಪ್ರಿಲ್‌ನಿಂದ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಸುದ್ದಿಯ ಹಿಂದೆ ನಿಜವಾದ ಸಂಶೋಧನೆ ಇದೆ. ಆದರೆ ಕೈ ದಾಟುತ್ತಾ ಬಂದ ಹಾಗೆ ಅದರ ಅರ್ಧ ವಿವರ ಉದುರಿಹೋಗಿದೆ. ಲಸಿಕೆಯ ಬಗ್ಗೆ, ಅದಕ್ಕಿಂತ ಮುಖ್ಯವಾಗಿ ಸರ್ಪಸುತ್ತು ಬಂದ ಮೊದಲ ಮೂರು ದಿನಗಳ ಬಗ್ಗೆ ಹಿರಿಯರೂ ಅವರನ್ನು ನೋಡಿಕೊಳ್ಳುವವರೂ ಕೇಳುವ ಪ್ರಶ್ನೆಗಳು ಇಲ್ಲಿವೆ.

ಸರ್ಪಸುತ್ತಿಗೂ ಹಾವಿಗೂ ಏನಾದರೂ ಸಂಬಂಧ ಇದೆಯೇ?

ಇಲ್ಲ. ಸೀತಾಳೆ ಸಿಡುಬು ತರುವ ವೈರಸ್ಸೇ ಇದನ್ನೂ ತರುತ್ತದೆ. ಚಿಕ್ಕಂದಿನಲ್ಲಿ ‘ಅಮ್ಮ’ ಬಂದು ಹೋದಾಗ ಮೈಮೇಲಿನ ಗುಳ್ಳೆ ಒಣಗುತ್ತದೆ, ವೈರಸ್ ಮಾತ್ರ ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಕೂತಿರುತ್ತದೆ. ವಯಸ್ಸಾಗಿಯೋ, ಸಕ್ಕರೆ ಕಾಯಿಲೆಯಿಂದಲೋ, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧಿಯಿಂದಲೋ ಮೈಯ ಕಾವಲು ಸಡಿಲವಾದಾಗ ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಇಳಿಯುತ್ತದೆ. ಆ ನರ ಬೆನ್ನಿನಿಂದ ಪಕ್ಕೆ ಬಳಸಿ ಎದೆಗೆ ಬರುವುದರಿಂದ ಗುಳ್ಳೆಗಳೂ ಪಟ್ಟಿಯಾಗಿ ಸುತ್ತಿಕೊಂಡ ಹಾಗೆ ಕಾಣುತ್ತವೆ. ಹೆಸರು ಬಂದದ್ದು ಆ ಆಕಾರದಿಂದ. ಅಮೆರಿಕದ ಲೆಕ್ಕದ ಪ್ರಕಾರ ಮೂವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ.

ತಲೆ ಮತ್ತು ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಅನ್ನುತ್ತಾರಲ್ಲ?

ಎಡಗಡೆಯ ನರ ಎಡ ಅರ್ಧವನ್ನು ಮಾತ್ರ ನೋಡಿಕೊಳ್ಳುತ್ತದೆ, ಬಲಗಡೆಯದು ಬಲ ಅರ್ಧವನ್ನು. ಹಾಗಾಗಿ ಗುಳ್ಳೆಯ ಪಟ್ಟಿ ಸಾಮಾನ್ಯವಾಗಿ ಬೆನ್ನಿನ ನಡುಗೆರೆಯಲ್ಲಿ ಶುರುವಾಗಿ ಎದೆಯ ನಡುಗೆರೆಯಲ್ಲಿ ನಿಲ್ಲುತ್ತದೆ. ಎರಡು ತುದಿ ಕೂಡುವ ಪ್ರಸಂಗವೇ ಬರುವುದಿಲ್ಲ. ಅಪರೂಪಕ್ಕೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಗುಳ್ಳೆ ಎರಡೂ ಬದಿಗೆ ಅಥವಾ ಮೈತುಂಬ ಹರಡಬಹುದು. ಅದು ಆಸ್ಪತ್ರೆಗೆ ದಾಖಲಾಗಬೇಕಾದ ಸ್ಥಿತಿ. ಹಳೆಯ ಮಾತಿನ ಹಿಂದೆ ಇಂಥ ಯಾರನ್ನೋ ಕಂಡ ಭಯ ಇದ್ದಿರಬಹುದು.

ಗುಳ್ಳೆ ಏಳುವ ಮೊದಲೇ ಗೊತ್ತಾಗುತ್ತದೆಯೇ?

ಸಂಶಯ ಪಡಬಹುದು, ಖಚಿತವಾಗಿ ಹೇಳಲಾಗದು. ಗುಳ್ಳೆಗಿಂತ 1ರಿಂದ 5 ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚಿದಂಥ ನೋವು, ಜುಮ್ಮೆನ್ನುವುದು, ಬಟ್ಟೆ ತಾಗಿದರೂ ಸಹಿಸಲಾಗದಿರುವುದು ಶುರುವಾಗುತ್ತದೆ. ಎಲ್ಲರೂ ಎಡವುವುದು ಇಲ್ಲೇ. ಪಕ್ಕೆಯಲ್ಲಿ ಬಂದರೆ ಕಿಡ್ನಿ ಕಲ್ಲು ಎಂದು ಸ್ಕ್ಯಾನ್ ಮಾಡಿಸುತ್ತಾರೆ, ಹಣೆಯಲ್ಲಿ ಬಂದರೆ ತಲೆನೋವಿನ ಮಾತ್ರೆ ನುಂಗುತ್ತಾರೆ, ದವಡೆಯಲ್ಲಿ ಬಂದರೆ ಹಲ್ಲಿನ ವೈದ್ಯರ ಹತ್ತಿರ ಹೋಗುತ್ತಾರೆ. ಎದೆನೋವಾದರೆ ಮಾತ್ರ ಮೊದಲು ಇಸಿಜಿ ಮಾಡಿಸಲೇಬೇಕು. ‘ಸರ್ಪಸುತ್ತು ಇರಬಹುದು’ ಎಂದು ಮನೆಯಲ್ಲಿ ಕೂರಬೇಡಿ.

ಒಂದೇ ಬದಿಯಲ್ಲಿ ಕಾರಣ ತಿಳಿಯದ ಉರಿ ಇದ್ದರೆ ದಿನಕ್ಕೆ ಎರಡು ಸಲ ಬೆಳಕಿನಲ್ಲಿ ಆ ಜಾಗ ನೋಡಿ. ಬೆನ್ನಾದರೆ ಮನೆಯವರಿಂದ ಮೊಬೈಲಿನಲ್ಲಿ ಫೋಟೊ ತೆಗೆಸಿ. ಕೆಂಪು ಕಲೆ, ಅದರ ಮೇಲೆ ಗೊಂಚಲಾಗಿ ನೀರುಗುಳ್ಳೆ ಕಂಡ ಗಳಿಗೆಯನ್ನು ಬರೆದಿಡಿ.

ಮಳೆಗಾಲದಲ್ಲಿ ಇನ್ನೊಂದು ಗೊಂದಲ ಇದೆ. ದೀಪದ ಬೆಳಕಿಗೆ ಬರುವ ಕಿತ್ತಳೆ-ಕಪ್ಪು ಬಣ್ಣದ ಸಣ್ಣ ಹುಳ ಮೈಮೇಲೆ ಅರೆದುಹೋದರೆ ಅದರ ರಸದಿಂದ ಗೆರೆ ಎಳೆದ ಹಾಗೆ ಸುಟ್ಟ ಗುಳ್ಳೆ ಏಳುತ್ತದೆ. ಅದು ಸಾಮಾನ್ಯವಾಗಿ ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ, ಮೊದಲೇ ದಿನಗಟ್ಟಲೆ ನೋವು ಇರುವುದಿಲ್ಲ. ಮೊಣಕೈ ಮಡಿಕೆಯಲ್ಲಾದರೆ ಎದುರುಬದುರಾಗಿ ಎರಡು ಕಲೆ ಮೂಡುತ್ತದೆ.

ಗುಳ್ಳೆ ಕಂಡ ಮೇಲೆ ಎಷ್ಟು ಸಮಯ ಇದೆ? ಏನು ಔಷಧಿ ಕೊಡುತ್ತಾರೆ?

72 ಗಂಟೆ. ಈ ಪುಟದಲ್ಲಿ ಒಂದೇ ಒಂದು ಸಂಖ್ಯೆ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ವೈರಸ್ ಇನ್ನೂ ಹೆಚ್ಚುತ್ತಿರುವಾಗ ಔಷಧಿ ಸಿಕ್ಕರೆ ಹೊಸ ಗುಳ್ಳೆ ಬೇಗ ನಿಲ್ಲುತ್ತದೆ, ಗಾಯ ಬೇಗ ಒಣಗುತ್ತದೆ, ನೋವಿನ ತೀವ್ರತೆ ಇಳಿಯುತ್ತದೆ. ಶನಿವಾರ ಸಂಜೆ ಕಂಡ ಗುಳ್ಳೆಯನ್ನು ‘ಸೋಮವಾರ ನೋಡೋಣ, ಮಂಗಳವಾರ ಹೋಗೋಣ’ ಎಂದರೆ ಸಮಯ ಅಲ್ಲಿಗೇ ಮುಗಿಯಿತು.

ವಯಸ್ಕರಿಗೆ ಸಾಮಾನ್ಯವಾಗಿ ಬರೆಯುವುದು ಈ ಮೂರರಲ್ಲಿ ಒಂದು: ಅಸೈಕ್ಲೋವಿರ್ 800 ಮಿ.ಗ್ರಾಂ ದಿನಕ್ಕೆ 5 ಸಲ, 7ರಿಂದ 10 ದಿನ; ವ್ಯಾಲಾಸೈಕ್ಲೋವಿರ್ 1000 ಮಿ.ಗ್ರಾಂ ದಿನಕ್ಕೆ 3 ಸಲ, 7 ದಿನ. ಫ್ಯಾಮ್ಸಿಕ್ಲೋವಿರ್ 500 ಮಿ.ಗ್ರಾಂ ದಿನಕ್ಕೆ 3 ಸಲ, 7 ದಿನ. ಅಸೈಕ್ಲೋವಿರ್ ಅಗ್ಗ, ಆದರೆ ಐದು ಹೊತ್ತಿನ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಎಂದು ಮೊಬೈಲಿನಲ್ಲಿ ಅಲಾರಂ ಇಟ್ಟರೆ ಸರಿಹೋಗುತ್ತದೆ. ಚೀಟಿಯಲ್ಲಿ 800 ಎಂದಿದ್ದು ಅಂಗಡಿಯಲ್ಲಿ 400ರ ಮಾತ್ರೆ ಕೊಟ್ಟರೆ ಒಂದು ಹೊತ್ತಿಗೆ ಎರಡು ನುಂಗಬೇಕು. ಇದನ್ನು ಗಮನಿಸದೆ ಅರ್ಧ ಪ್ರಮಾಣ ತೆಗೆದುಕೊಂಡವರಲ್ಲಿ ಔಷಧಿ ಕೆಲಸ ಮಾಡಲಿಲ್ಲ ಎಂಬ ದೂರು ಬರುತ್ತದೆ. ಅಸೈಕ್ಲೋವಿರ್ ಮುಲಾಮು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ರೋಗ ಇರುವುದು ನರದಲ್ಲಿ.

ಮೂರು ದಿನ ಕಳೆದಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ, ಕಣ್ಣಿನ ಹತ್ತಿರ ಬಂದಿದ್ದರೆ, ಅಥವಾ ರೋಗನಿರೋಧಕ ಶಕ್ತಿ ಕಡಿಮೆ ಇದ್ದರೆ ವೈದ್ಯರು ಆಗಲೂ ಔಷಧಿ ಶುರುಮಾಡುತ್ತಾರೆ. ತಡವಾಯಿತೆಂದು ಹೋಗದೆ ಇರಬೇಡಿ.

ಕಿಡ್ನಿ ತೊಂದರೆ ಇದ್ದವರು ಈ ಮಾತ್ರೆ ನುಂಗಬಹುದೇ?

ಪ್ರಮಾಣ ಇಳಿಸಿ ನುಂಗಬಹುದು. ಈ ಔಷಧಿಗಳು ಮೂತ್ರದ ಮೂಲಕ ಹೊರಹೋಗುತ್ತವೆ. ಕಿಡ್ನಿ ನಿಧಾನವಾಗಿದ್ದರೆ ರಕ್ತದಲ್ಲಿ ಉಳಿದು ಗಲಿಬಿಲಿ, ಭ್ರಮೆ, ವಿಪರೀತ ಮಂಪರು ತರುತ್ತವೆ. ‘ವಯಸ್ಸಾಯಿತು, ಅರಳುಮರಳು’ ಎಂದು ಮನೆಯವರು ಸುಮ್ಮನಾಗುವುದು ಅಪಾಯ. ಕಳೆದ ಕೆಲವು ತಿಂಗಳಲ್ಲಿ ಮಾಡಿಸಿದ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಅಳೆಯುವ ರಕ್ತ ಪರೀಕ್ಷೆ) ವರದಿ ಇದ್ದರೆ ವೈದ್ಯರಿಗೆ ತೋರಿಸಿ. ನೀರು ಕಡಿಮೆ ಕುಡಿಯಿರಿ ಎಂದು ಹೃದ್ರೋಗದ ವೈದ್ಯರು ಹೇಳಿರದಿದ್ದರೆ ಆ ವಾರ ಚೆನ್ನಾಗಿ ನೀರು ಕುಡಿಯಿರಿ.

ಯಾವ ಜಾಗದಲ್ಲಿ ಬಂದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು?

ಹಣೆ, ರೆಪ್ಪೆ, ಮೂಗಿನ ತುದಿ. ಮೂಗಿನ ತುದಿಗೂ ಕಣ್ಣಿನ ಒಳಗಿನ ಪದರಗಳಿಗೂ ಒಂದೇ ನರದ ಕವಲು ಹೋಗುವುದರಿಂದ ಅಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ಇಳಿಯುವ ಸಾಧ್ಯತೆ ಹೆಚ್ಚು. ಕಣ್ಣು ಕೆಂಪಾಗುವವರೆಗೆ ಕಾಯದೆ ನೇತ್ರ ವೈದ್ಯರಿಗೆ ತೋರಿಸಬೇಕು. ದೃಷ್ಟಿ ಹೋಗಬಹುದಾದ ಸ್ಥಿತಿ ಇದು. ಕಿವಿಯ ಒಳಗೆ ಗುಳ್ಳೆ ಎದ್ದು ಅದೇ ಬದಿಯ ಬಾಯಿ ಸೊಟ್ಟಗಾದರೆ ಅಥವಾ ತಲೆ ತಿರುಗಿದರೆ ಅದೂ ತುರ್ತು. ಬಾಯಿ ಸೊಟ್ಟಗಾಗುವುದು ಪಾರ್ಶ್ವವಾಯುವಿನಿಂದಲೂ ಆಗುತ್ತದೆ. ಯಾವುದೆಂದು ಮನೆಯಲ್ಲಿ ತೀರ್ಮಾನಿಸಲು ಹೋಗಬೇಡಿ.

ಕೆಮ್ಮಣ್ಣು ಹಚ್ಚುವುದು, ಮಂತ್ರ ಹಾಕಿಸುವುದು, ಪಥ್ಯ, ಸ್ನಾನ ಮಾಡದಿರುವುದು: ಇವೆಲ್ಲ?

ಗುಳ್ಳೆಗಳು 7ರಿಂದ 10 ದಿನದಲ್ಲಿ ಒಣಗಿ ಹೊಪ್ಪಳೆಗಟ್ಟುತ್ತವೆ, 2ರಿಂದ 4 ವಾರದಲ್ಲಿ ತಾವಾಗಿಯೇ ಮಾಯುತ್ತವೆ. ಆ ಅವಧಿಯಲ್ಲಿ ಏನು ಮಾಡಿದರೂ ಅದರಿಂದಲೇ ವಾಸಿಯಾಯಿತು ಅನ್ನಿಸುತ್ತದೆ. ಹರಕೆ, ಪೂಜೆ ನಿಮ್ಮ ನಂಬಿಕೆಗೆ ಬಿಟ್ಟದ್ದು, ಅದರಿಂದ ಮೈಗೆ ಕೇಡಿಲ್ಲ. ಆದರೆ ಅದಕ್ಕಾಗಿ ಆ ಮೂರು ದಿನವನ್ನು ಕಳೆದುಕೊಳ್ಳಬೇಡಿ. ಮಾತ್ರೆ ಶುರುಮಾಡಿಯೂ ಹರಕೆ ತೀರಿಸಬಹುದು.

ಮಣ್ಣು, ಸೊಪ್ಪಿನ ರಸ, ಸುಣ್ಣವನ್ನು ಒಡೆದ ಗುಳ್ಳೆಯ ಮೇಲೆ ಹಚ್ಚಬಾರದು. ಕೀವಾಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ಕೀವು ಬೇಗ ಆಳಕ್ಕೆ ಇಳಿಯುತ್ತದೆ, ಕಲೆ ಉಳಿಯುತ್ತದೆ. ಅದರ ಬದಲು ಒಗೆದ ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿ, 15-20 ನಿಮಿಷ ಮೇಲಿಟ್ಟು ತೆಗೆಯಿರಿ, ದಿನಕ್ಕೆ ಮೂರು-ನಾಲ್ಕು ಸಲ. ಮಂಜುಗಡ್ಡೆ ನೇರವಾಗಿ ಬೇಡ. ಒಡೆಯದ ಗುಳ್ಳೆಯ ಮೇಲೆ ಕ್ಯಾಲಮೈನ್ ಹಚ್ಚಬಹುದು. ಸ್ನಾನ ಮಾಡಬಹುದು, ಮಾಡಬೇಕು. ಉಗುರುಬೆಚ್ಚನೆಯ ನೀರು, ಮೃದುವಾದ ಸೋಪು, ಉಜ್ಜದೆ ಒತ್ತಿ ಒರೆಸುವುದು, ಬೇರೆ ಟವೆಲ್.

ಪಥ್ಯದ ಹೆಸರಿನಲ್ಲಿ ಹಿರಿಯರಿಗೆ ಗಂಜಿ ಮಾತ್ರ ಕೊಟ್ಟು ಸೊರಗಿಸುವುದು ನಿಜಕ್ಕೂ ನೋವಿನ ಸಂಗತಿ. ಬದನೆಕಾಯಿ, ತೆಂಗಿನಕಾಯಿ, ಮೊಟ್ಟೆ ಯಾವುದಕ್ಕೂ ಈ ರೋಗಕ್ಕೂ ನಂಟಿಲ್ಲ. ಬೇಳೆ, ಮೊಸರು, ಎಂದಿನ ಊಟ ಸಾಕು.

ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ಅವರಿಗೆ ಅಂಟುತ್ತದೆಯೇ?

ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಹಿಂದೆ ಸೀತಾಳೆ ಸಿಡುಬು ಬಾರದ ಮತ್ತು ಅದರ ಲಸಿಕೆಯನ್ನೂ ಪಡೆಯದವರಿಗೆ ಸೀತಾಳೆ ಸಿಡುಬು ಬರಬಹುದು. ಹಸುಗೂಸು, ಗರ್ಭಿಣಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಎಲ್ಲ ಗುಳ್ಳೆ ಒಣಗಿ ಹೊಪ್ಪಳೆಯಾಗುವವರೆಗೆ ದೂರವಿರಲಿ. ಉಳಿದಂತೆ ಗಾಯವನ್ನು ಅಂಟಿಕೊಳ್ಳದ ಪಟ್ಟಿ ಅಥವಾ ಸಡಿಲ ಹತ್ತಿ ಬಟ್ಟೆಯಿಂದ ಮುಚ್ಚಿ, ಕೈ ತೊಳೆದುಕೊಂಡರೆ ಮನೆಯಲ್ಲಿ ಎಂದಿನಂತೆ ಓಡಾಡಬಹುದು.

ಗುಳ್ಳೆ ಮಾಯ್ದು ತಿಂಗಳಾದರೂ ಉರಿ ಹೋಗಿಲ್ಲ. ಯಾಕೆ?

ಗುಳ್ಳೆ ಹೋದರೂ ನರಕ್ಕೆ ಆದ ಪೆಟ್ಟು ಉಳಿದಿರುತ್ತದೆ. ಪೆಟ್ಟು ತಿಂದ ನರ ಸುಳ್ಳು ಸುದ್ದಿ ಕಳಿಸುತ್ತಲೇ ಇರುತ್ತದೆ: ಫ್ಯಾನಿನ ಗಾಳಿ ಬೆಂಕಿಯಂತೆ, ಬನಿಯನ್ನಿನ ಅಂಚು ಗರಗಸದಂತೆ. ಮೂರು ತಿಂಗಳು ದಾಟಿಯೂ ಉಳಿದರೆ ಅದಕ್ಕೆ ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಸರ್ಪಸುತ್ತು ಬಂದವರಲ್ಲಿ 100ಕ್ಕೆ 10ರಿಂದ 18 ಜನರಿಗೆ ಇದು ಬರುತ್ತದೆ, ವಯಸ್ಸು ಏರಿದಂತೆ ಪ್ರಮಾಣವೂ ಏರುತ್ತದೆ. ನಮ್ಮ ಪ್ರಕಾರ ಸರ್ಪಸುತ್ತಿನ ಬಗ್ಗೆ ನಿಜವಾಗಿ ಹೆದರಬೇಕಾದದ್ದು ಇದಕ್ಕೆ. ನಿದ್ದೆ, ಊಟ, ಜನರ ಜೊತೆ ಬೆರೆಯುವುದು ಎಲ್ಲವನ್ನೂ ಇದು ಕಸಿಯುತ್ತದೆ.

ಮಾಮೂಲಿ ನೋವಿನ ಮಾತ್ರೆಗೆ ಇದು ಹೆಚ್ಚಾಗಿ ಬಗ್ಗುವುದಿಲ್ಲ. ದಿನವೂ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ನುಂಗಿದರೆ ಕಿಡ್ನಿ, ಹೊಟ್ಟೆ ಹಾಳಾಗುತ್ತವೆಯೇ ಹೊರತು ಉರಿ ಇಳಿಯುವುದಿಲ್ಲ. ಬೇಕಾದದ್ದು ನರದ ಔಷಧಿ: ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್. ಇವನ್ನು ಕಡಿಮೆ ಪ್ರಮಾಣದಲ್ಲಿ ರಾತ್ರಿ ಶುರುಮಾಡಿ ವಾರಗಳಲ್ಲಿ ಏರಿಸುತ್ತಾರೆ. ಎರಡು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬಾರದು, ನಿಲ್ಲಿಸುವಾಗಲೂ ಒಮ್ಮೆಲೇ ನಿಲ್ಲಿಸಬಾರದು. ಮೊದಲ ವಾರ ಮಂಪರು, ತೂರಾಟ ಇರುತ್ತದೆ. ರಾತ್ರಿ ಬಚ್ಚಲಿಗೆ ಏಳುವವರು ಬಿದ್ದು ಸೊಂಟ ಮುರಿದುಕೊಳ್ಳದಂತೆ ದೀಪ ಹಾಕಿಡಿ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ, ಹೃದಯ ಬಡಿತದ ಏರುಪೇರು ಇದ್ದರೆ ಅಮಿಟ್ರಿಪ್ಟಿಲಿನ್ ಶುರುಮಾಡುವ ಮೊದಲೇ ಹೇಳಿ. ಚರ್ಮ ಪೂರ್ತಿ ಮಾಯ್ದ ಮೇಲೆ ಲಿಡೊಕೇಯ್ನ್ ಪಟ್ಟಿಯೂ ನೆರವಾಗುತ್ತದೆ.

ಲಸಿಕೆ ಯಾವುದು? ಎಷ್ಟು ಕೆಲಸ ಮಾಡುತ್ತದೆ?

ಭಾರತದಲ್ಲಿ 2023ರಲ್ಲಿ ಬಿಡುಗಡೆಯಾದದ್ದು ಶಿಂಗ್ರಿಕ್ಸ್, 50 ದಾಟಿದವರಿಗೆ. ಅದರಲ್ಲಿ ಜೀವಂತ ವೈರಸ್ ಇಲ್ಲ. ವೈರಸ್ಸಿನ ಮೇಲ್ಮೈಯ ಒಂದು ಪ್ರೋಟೀನು ಮತ್ತು ಮೈಯ ಕಾವಲನ್ನು ಬಡಿದೆಬ್ಬಿಸುವ ಸಹಾಯಕ ಪದಾರ್ಥ ಇದೆ. ಆ ಪದಾರ್ಥದ ಒಂದು ಭಾಗ ಚಿಲಿ ದೇಶದ ನೊರೆಮರದ ತೊಗಟೆಯಿಂದ ಬರುತ್ತದೆ, ನಮ್ಮ ಅಂಟುವಾಳದ ನೊರೆಯ ಹಾಗೆಯೇ. ತೋಳಿನ ಸ್ನಾಯುವಿಗೆ 0.5 ಮಿ.ಲೀ., ಎರಡು ಡೋಸ್, ನಡುವೆ 2ರಿಂದ 6 ತಿಂಗಳು.

ದೊಡ್ಡ ಪ್ರಯೋಗಗಳಲ್ಲಿ 50 ದಾಟಿದವರಲ್ಲಿ ಸರ್ಪಸುತ್ತನ್ನು ಶೇ 97ರಷ್ಟು, 70 ದಾಟಿದವರಲ್ಲಿ ಸುಮಾರು ಶೇ 90ರಷ್ಟು ತಡೆದಿತ್ತು. ಅದೇ ಜನರನ್ನು ಮುಂದೆಯೂ ಗಮನಿಸಿದಾಗ, ಆರನೇ ವರ್ಷದಿಂದ ಹನ್ನೊಂದನೇ ವರ್ಷದವರೆಗೂ ಸುಮಾರು ಶೇ 80ರಷ್ಟು ರಕ್ಷಣೆ ಉಳಿದಿತ್ತು. ಚಿಕ್ಕಂದಿನಲ್ಲಿ ‘ಅಮ್ಮ’ ಬಂದಿತ್ತೋ ಇಲ್ಲವೋ ನೆನಪಿಲ್ಲದಿದ್ದರೂ ಹಾಕಿಸಿಕೊಳ್ಳಬಹುದು, ರಕ್ತ ಪರೀಕ್ಷೆ ಬೇಡ.

ಮರೆವಿನ ಕಾಯಿಲೆ ತಡೆಯುತ್ತದೆ ಎನ್ನುವುದು ನಿಜವೇ?

ಈ ಸುದ್ದಿಯ ಮೂಲ ಬ್ರಿಟನ್ನಿನ ವೇಲ್ಸ್. ಅಲ್ಲಿ 2013ರ ಸೆಪ್ಟೆಂಬರ್ 1ರಂದು ಸರ್ಪಸುತ್ತಿನ ಲಸಿಕೆ ಶುರುವಾದಾಗ ಹುಟ್ಟಿದ ದಿನದ ಮೇಲೆ ಒಂದು ಗೆರೆ ಎಳೆದರು. 1933ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಲಸಿಕೆ ಸಿಗಬಹುದು, ಅದಕ್ಕಿಂತ ಮೊದಲು ಹುಟ್ಟಿದವರಿಗೆ ಎಂದೂ ಇಲ್ಲ. ಗೆರೆಯ ಆಚೀಚೆ ಇದ್ದವರ ನಡುವೆ ವಯಸ್ಸಿನಲ್ಲಿ ಕೆಲವೇ ವಾರಗಳ ಅಂತರ. ಊಟ, ಓದು, ಆರೋಗ್ಯ ಎಲ್ಲ ಒಂದೇ. ಒಂದು ಕಡೆಯವರು ಲಸಿಕೆಯಿಂದ ಪೂರ್ತಿ ಹೊರಗೆ, ಇನ್ನೊಂದು ಕಡೆಯವರಲ್ಲಿ ಸುಮಾರು ಅರ್ಧದಷ್ಟು ಜನ ಹಾಕಿಸಿಕೊಂಡರು. ಸಂಶೋಧಕರು ಬೇಕೆಂದು ಮಾಡಲಾಗದ ಪ್ರಯೋಗವನ್ನು ಒಂದು ಸರ್ಕಾರಿ ನಿಯಮವೇ ಮಾಡಿಕೊಟ್ಟಿತು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಪ್ಯಾಸ್ಕಲ್ ಗೆಲ್ಡ್‌ಸೆಟ್ಜರ್ ತಂಡ 2,80,000ಕ್ಕೂ ಹೆಚ್ಚು ಜನರ ದಾಖಲೆ ನೋಡಿ 2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿತು: ಲಸಿಕೆ ಪಡೆದವರಲ್ಲಿ ಏಳು ವರ್ಷಗಳಲ್ಲಿ ಹೊಸದಾಗಿ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಪತ್ತೆಯಾಗುವ ಸಾಧ್ಯತೆ ಸುಮಾರು ಐದನೇ ಒಂದು ಪಾಲು ಕಡಿಮೆ. ಹೆಂಗಸರಲ್ಲಿ ಪರಿಣಾಮ ಹೆಚ್ಚು.

ಇದು ಗಟ್ಟಿಯಾದ ಅಧ್ಯಯನ. ಆದರೆ ಓಡಾಡುತ್ತಿರುವ ಸಂದೇಶಗಳಲ್ಲಿ ಬಿಟ್ಟುಹೋದ ಎರಡು ಸಂಗತಿಗಳಿವೆ. ವೇಲ್ಸ್‌ನಲ್ಲಿ ಕೊಟ್ಟದ್ದು ಜೋಸ್ಟಾವ್ಯಾಕ್ಸ್ ಎಂಬ ಹಳೆಯ, ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ; ಅಮೆರಿಕದಲ್ಲಿ ಅದರ ಮಾರಾಟ 2020ರಲ್ಲೇ ನಿಂತಿತು. ಶಿಂಗ್ರಿಕ್ಸ್ ಬಗ್ಗೆ 2024ರಲ್ಲಿ ಆಕ್ಸ್‌ಫರ್ಡ್ ತಂಡದ ಅಧ್ಯಯನ ಬಂದಿದೆ. ಹಳೆಯದಕ್ಕೆ ಹೋಲಿಸಿದರೆ ಹೊಸ ಲಸಿಕೆ ಪಡೆದವರಲ್ಲಿ ಡಿಮೆನ್ಶಿಯಾ ತಡವಾಗಿ ಪತ್ತೆಯಾಯಿತು ಎನ್ನುತ್ತದೆ ಅದು; ಅಂತರ ತಿಂಗಳುಗಳದ್ದು, ದಶಕಗಳದ್ದಲ್ಲ. ಎರಡನೆಯದು, ಇದು ‘ಸಾಧ್ಯತೆ ಕಡಿಮೆ’ ಎಂಬ ಮಾತು. ಲಸಿಕೆ ಪಡೆದವರಲ್ಲೂ ಬಹಳ ಮಂದಿಗೆ ಮರೆವಿನ ಕಾಯಿಲೆ ಬಂದಿದೆ. ಈಗಾಗಲೇ ಮರೆವು ಶುರುವಾದವರಿಗೆ ಇದನ್ನು ಮದ್ದೆಂದು ಮಾರಲು ಬಂದವರನ್ನು ನಂಬಬೇಡಿ. ನಮ್ಮ ಸಲಹೆ: ಸರ್ಪಸುತ್ತಿನ ನೋವು ತಪ್ಪಲಿ ಎಂದು ಹಾಕಿಸಿಕೊಳ್ಳಿ, ಮಿದುಳಿಗೂ ಒಳ್ಳೆಯದಾದರೆ ಅದು ಮೇಲಿನ ಲಾಭ.

ಹೃದಯಾಘಾತವೂ ಕಡಿಮೆಯಾಗುತ್ತದಂತೆ?

ದಕ್ಷಿಣ ಕೊರಿಯಾದ ದೊಡ್ಡ ಅಧ್ಯಯನವೊಂದು 2025ರಲ್ಲಿ ಹಾಗೆ ಸೂಚಿಸಿತು, ಅದೂ ಹಳೆಯ ಬಗೆಯ ಲಸಿಕೆಯ ಮೇಲೆ. ಲಸಿಕೆ ಹಾಕಿಸಿಕೊಳ್ಳುವವರು ಸಾಮಾನ್ಯವಾಗಿ ಬಿಪಿ, ಸಕ್ಕರೆಯ ಕಡೆಗೂ ಗಮನ ಕೊಡುವವರೇ. ಆದ್ದರಿಂದ ಈ ಲೆಕ್ಕವನ್ನು ಮರೆವಿನ ಲೆಕ್ಕದಷ್ಟು ಗಟ್ಟಿ ಎಂದು ಹಿಡಿಯಲಾಗದು.

ಬೆಲೆ ಎಷ್ಟು? ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆಯೇ?

ಒಂದು ಡೋಸ್‌ಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಎರಡಕ್ಕೆ ಇಪ್ಪತ್ತು ಸಾವಿರ ಎಂದು ಲೆಕ್ಕ ಹಾಕಿಕೊಳ್ಳಿ. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಇದು ಇಲ್ಲ. ಆಯುಷ್ಮಾನ್ ಕಾರ್ಡ್ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ, ಲಸಿಕೆಗಲ್ಲ. ಪಿಂಚಣಿಯಲ್ಲಿ ಬದುಕುವವರಿಗೆ ಇದು ಭಾರವೇ, ಆ ಮಾತನ್ನು ಮುಚ್ಚಿಡುವುದು ತಪ್ಪು. ಬಿಪಿ, ಸಕ್ಕರೆ ಮಾತ್ರೆಯ ಹಣ ಕಡಿದು ಇದನ್ನು ಹಾಕಿಸಬೇಡಿ. ಮನೆಯಲ್ಲಿ ಒಬ್ಬರಿಗಷ್ಟೇ ಹಣ ಇದ್ದರೆ ಹೆಚ್ಚು ಅಪಾಯ ಇರುವವರಿಗೆ ಮೊದಲು: ವಯಸ್ಸು ಹೆಚ್ಚಿನವರು, ಸಕ್ಕರೆ ಕಾಯಿಲೆಯವರು, ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಅಥವಾ ಸ್ಟೀರಾಯ್ಡ್ ನುಂಗುವವರು.

ಹಾಕಿಸಿಕೊಳ್ಳುವಾಗ ಏನೇನು ಗಮನಿಸಬೇಕು?

ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಎಸೆಯಬೇಕು. ಅಂಗಡಿಯಲ್ಲಿ ಕೊಂಡು ಮಂಜುಗಡ್ಡೆಯ ಚೀಲದಲ್ಲಿಟ್ಟು ಬಸ್ಸಿನಲ್ಲಿ ಒಯ್ಯುವುದಕ್ಕಿಂತ, ಫ್ರಿಜ್ ಇರುವ ಕ್ಲಿನಿಕ್ಕಿನಲ್ಲೇ ತರಿಸಿ ಹಾಕಿಸಿಕೊಳ್ಳುವುದು ಒಳ್ಳೆಯದು. ಡಬ್ಬಿಯಲ್ಲಿ ಎರಡು ಸೀಸೆ ಇರುತ್ತದೆ, ಒಂದರಲ್ಲಿ ಪುಡಿ, ಇನ್ನೊಂದರಲ್ಲಿ ದ್ರವ. ಎರಡನ್ನೂ ಬೆರೆಸಿಯೇ ಕೊಡಬೇಕು. ದ್ರವವನ್ನಷ್ಟೇ ಕೊಟ್ಟರೆ ವೈರಸ್ಸಿನ ಪ್ರೋಟೀನು ಮೈಗೆ ಹೋಗುವುದೇ ಇಲ್ಲ. ನಿಮ್ಮೆದುರೇ ಬೆರೆಸಲು ಕೇಳಿ, ಬ್ಯಾಚ್ ಸಂಖ್ಯೆ, ಅವಧಿ, ದಿನಾಂಕವನ್ನು ಬರೆಸಿಕೊಳ್ಳಿ. ಎರಡನೇ ಡೋಸ್ ಹೊತ್ತಿಗೆ ಮಕ್ಕಳ ಮನೆಗೆ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೊರಡುವುದಿದ್ದರೆ, ಇಲ್ಲೇ ಎರಡು ತಿಂಗಳಿಗೆ ಮುಗಿಸಿ ಹೋಗಿ. ಪ್ರವಾಸಿಗರ ವಿಮೆಯಲ್ಲಿ ಲಸಿಕೆಯ ಖರ್ಚು ಸಾಮಾನ್ಯವಾಗಿ ಸೇರುವುದಿಲ್ಲ.

ಆ್ಯಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಮೊದಲೇ ತಿಳಿಸಿ. ನಿಲ್ಲಿಸುವುದು ಬೇಡ. ಸಣ್ಣ ಸೂಜಿ, ಆಮೇಲೆ ಕನಿಷ್ಠ ಎರಡು ನಿಮಿಷ ಉಜ್ಜದೆ ಒತ್ತಿಹಿಡಿಯುವುದು ಸಾಕು. ಫ್ಲೂ ಲಸಿಕೆಯನ್ನು ಅದೇ ದಿನ ಇನ್ನೊಂದು ತೋಳಿಗೆ ಹಾಕಿಸಬಹುದು.

ಅಡ್ಡ ಪರಿಣಾಮ?

ತೋಳು ನೋಯುವುದು ಹೆಚ್ಚಿನವರಿಗೆ ಇದೆ. ಸುಸ್ತು, ಮೈಕೈ ನೋವು, ಚಳಿ, ಜ್ವರವೂ ಬರಬಹುದು. ಆರರಲ್ಲಿ ಒಬ್ಬರಿಗೆ ದಿನದ ಕೆಲಸ ಮಾಡಲಾಗದಷ್ಟು. ಎರಡು-ಮೂರು ದಿನಕ್ಕೆ ಇಳಿಯುತ್ತದೆ. ಮದುವೆ, ಪ್ರಯಾಣದ ಹಿಂದಿನ ದಿನ ಹಾಕಿಸಿಕೊಳ್ಳಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಸಾಕು. ಮೊದಲ ಡೋಸ್ ಜೋರಾಗಿ ಕಾಡಿತೆಂದು ಎರಡನೆಯದನ್ನು ಬಿಟ್ಟವರು ಅರ್ಧ ರಕ್ಷಣೆಗೆ ಪೂರ್ತಿ ನೋವು ತಿಂದ ಹಾಗೆ.

ಅತಿ ಅಪರೂಪದ ಇನ್ನೊಂದು ತೊಂದರೆ ಗಿಲನ್ ಬ್ಯಾರೆ ಎಂಬ ನರದೌರ್ಬಲ್ಯ. 65 ದಾಟಿದವರಲ್ಲಿ ಹತ್ತು ಲಕ್ಷ ಡೋಸ್‌ಗೆ ಸುಮಾರು ಮೂರು ಹೆಚ್ಚುವರಿ ಪ್ರಕರಣ ಎಂದು ಅಮೆರಿಕದ ಔಷಧ ನಿಯಂತ್ರಕರು 2021ರಲ್ಲಿ ಎಚ್ಚರಿಸಿದರು. ಲಸಿಕೆಯ ನಂತರದ ಆರು ವಾರದಲ್ಲಿ ಕಾಲಿನಿಂದ ಮೇಲಕ್ಕೆ ಶಕ್ತಿ ಕುಂದುತ್ತಾ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎರಡನೇ ಡೋಸ್ ಮರೆತು ವರ್ಷವಾಯಿತು. ಮತ್ತೆ ಮೊದಲಿನಿಂದ ಶುರುಮಾಡಬೇಕೇ?

ಬೇಡ. ಉಳಿದ ಒಂದನ್ನು ಈಗಲೇ ಹಾಕಿಸಿ.

ಒಮ್ಮೆ ಸರ್ಪಸುತ್ತು ಬಂದು ಹೋಗಿದೆ. ಇನ್ನು ಲಸಿಕೆ ಯಾಕೆ?

ಮತ್ತೆ ಬರಬಹುದು, ಬೇರೆ ನರದಲ್ಲಿ, ಬೇರೆ ಜಾಗದಲ್ಲಿ. ಗುಳ್ಳೆ ಪೂರ್ತಿ ಮಾಯುವವರೆಗೆ ಹಾಕಿಸುವಂತಿಲ್ಲ. ಆಮೇಲೆ ಎಷ್ಟು ಕಾಯಬೇಕು ಎಂಬುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಇದೆ: ಅಮೆರಿಕದಲ್ಲಿ ನಿಗದಿತ ಅವಧಿ ಇಲ್ಲ, ಕೆನಡಾದಲ್ಲಿ ಒಂದು ವರ್ಷ ಬಿಡಲು ಹೇಳುತ್ತಾರೆ. ಸ್ಟೀರಾಯ್ಡ್ ಅಥವಾ ಕಿಮೊಥೆರಪಿ ಶುರುವಾಗುವುದಿದ್ದರೆ ವರ್ಷ ಕಾಯುವುದರಲ್ಲಿ ಅರ್ಥವಿಲ್ಲ. ಆ ಚಿಕಿತ್ಸೆಯ ಮೊದಲೇ ಒಂದು ಡೋಸ್ ಆದರೂ ಮೈಗೆ ಹೋಗುವಂತೆ ನಿಮ್ಮ ವೈದ್ಯರ ಜೊತೆ ದಿನ ಗೊತ್ತುಮಾಡಿಕೊಳ್ಳಿ.